ನಿಂತ ಗಾಡಿಯ ಖರ್ಚು

ಊಟ, ನಿದ್ರೆ, ನೆರಳು ಈ ಮೂರನ್ನೂ ಗಾಲಿಗಳ ಮೇಲೆ ಹೊತ್ತು ಸಾಗುವ ವಾಹನಕ್ಕೆ ಇತ್ತೀಚೆಗೆ ಕಾರವಾನ್ ಎಂಬ ಹೆಸರು ಬಳಕೆಗೆ ಬಂದಿದೆ. ಈ ಹೆಸರು ಇಂಗ್ಲಿಷಿನ ದಾರಿಯಿಂದ ಬಂದಂತೆ ತೋರಿದರೂ ಅದರ ಮೂಲ ಪಾರಸಿ ಭಾಷೆಯಲ್ಲಿದ್ದು, ಅಲ್ಲಿ ಅದಕ್ಕೆ ಕೂಡಿ ಪಯಣಿಸುವ ವರ್ತಕರ ತಂಡ ಎಂಬ ಅರ್ಥವಿದೆ. ಗೋಲ್ಕೊಂಡ ಕೋಟೆಯ ಕಡೆಗೆ ಹೈದರಾಬಾದಿನಲ್ಲಿ ಕಾರವಾನ್ ಎಂಬ ಪ್ರದೇಶವೇ ಇರುವುದರಿಂದ, ನಿಜಾಮರ ಆಳ್ವಿಕೆಗೆ ಒಳಪಟ್ಟಿದ್ದ ಬೀದರ ಸೀಮೆಯ ಕಿವಿಗೆ ಆ ಪದ ತೀರ ಹೊಸದೇನೂ ಅಲ್ಲ. ಆದರೆ ಹುಮನಾಬಾದ್, ಚಿಟಗುಪ್ಪ, ಬಸವಕಲ್ಯಾಣಗಳ ನಡುವಿನ ಊರುಗಳಲ್ಲಿ, ಕೊಡಂಬಲದಂಥ ಒಕ್ಕಲುತನದ ಹಳ್ಳಿಗಳಲ್ಲಿ, ಮನೆಮಂದಿಯನ್ನೆಲ್ಲ ಹೊತ್ತು ಜಾತ್ರೆಗೂ ದೇವರಿಗೂ ಹೋಗುವ ಕೆಲಸವನ್ನು ಬಹುಕಾಲ ಮಾಡಿದ್ದು ದಮಣಿ. ದಮಣಿ ಎಂದರೆ ಗೊಬ್ಬರ, ಕಣಿಕೆ ಹೇರುವ ಬಂಡಿಗಿಂತ ಹಗುರಾಗಿ ಕಟ್ಟಿದ, ಮೇಲೆ ಬಿದಿರಿನ ಕಮಾನು ಬಾಗಿಸಿ ತಟ್ಟನ್ನೋ ಜಮಖಾನವನ್ನೋ ಹೊದಿಸಿದ, ಒಳಗೆ ಹುಲ್ಲು ಹಾಸಿ ಮಂದಿ ಕೂರುವ ಸವಾರಿ ಬಂಡಿ. ಈಗ ಆ ಜಾಗಕ್ಕೆ ಕ್ರೂಸರ್, ಟೆಂಪೊ ಟ್ರಾವೆಲರ್ ಬಂದಿವೆ. ಹಾಸಿಗೆ, ಒಲೆ, ನೀರಿನ ತೊಟ್ಟಿ ಎಲ್ಲವನ್ನೂ ಒಳಗೇ ಜೋಡಿಸಿದ ಮೋಟಾರು ಕಾರವಾನ್ ದೊಡ್ಡ ಊರುಗಳ ಬಾಡಿಗೆ ಕಂಪನಿಗಳಲ್ಲಿ ಕಾಣಿಸಿಕೊಂಡಿದೆ.

ಕಲ್ಯಾಣದಿಂದ, ಅಂದರೆ ಇಂದಿನ ಬಸವಕಲ್ಯಾಣದಿಂದ, ಆಳಿದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 1129ರ ಸುಮಾರಿಗೆ ರಚಿಸಿದ ಸಂಸ್ಕೃತ ಕೃತಿ ಮಾನಸೋಲ್ಲಾಸದಲ್ಲಿ ಅರಸನ ಇಪ್ಪತ್ತು ಉಪಭೋಗಗಳನ್ನು ಎಣಿಸುವಾಗ ಯಾನವನ್ನೂ, ಅಂದರೆ ವಾಹನವನ್ನೂ, ಅನ್ನಪಾನಗಳ ಜೊತೆಗೆ ಸೇರಿಸಿದ್ದಾನೆ. ಅರಸನಿಗೆ ಅದು ಭೋಗ. ಒಕ್ಕಲಿಗನ ಮನೆಯಲ್ಲಿ ಅದು ಲೆಕ್ಕ. ಆ ಲೆಕ್ಕವನ್ನು ಮಾಡುವಾಗ ಹೆಚ್ಚಿನವರ ಗಮನ ಡೀಸೆಲ್ಲು, ಟೋಲು, ದಾರಿಯ ಚಹಾ ಇವುಗಳ ಮೇಲೆಯೇ ನಿಲ್ಲುತ್ತದೆ. ಆದರೆ ವರ್ಷದ 365 ದಿನಗಳಲ್ಲಿ ಒಂದು ಕುಟುಂಬ ಯಾತ್ರೆಗೆಂದು ಹತ್ತು ದಿನ ಹೊರಬಿದ್ದರೆ, ಆ ಕೆಲಸಕ್ಕಾಗಿಯೇ ಇಟ್ಟುಕೊಂಡ ಗಾಡಿ ಮಿಕ್ಕ 355 ದಿನ ಅಂಗಳದಲ್ಲಿ ನಿಂತಿರುತ್ತದೆ, ಮತ್ತು ಮರದ ಗಾಲಿಯಾಗಲಿ ರಬ್ಬರಿನ ಟೈರಾಗಲಿ ಓಡುವಾಗ ಸವೆಯುವುದಕ್ಕಿಂತ ಹೆಚ್ಚಾಗಿ ಹೀಗೆ ನಿಂತಲ್ಲೇ ಕೆಡುತ್ತದೆ. ಹಣ ಉಳಿಸುವ ಮಾತೆಲ್ಲ ಇಲ್ಲಿಂದಲೇ ಶುರುವಾಗಬೇಕು.

ದಮಣಿಯ ಗಾಲಿಯನ್ನೇ ಮೊದಲು ನೋಡಬಹುದು. ನಡುವಿನ ಗುಂಬ, ಅದರಿಂದ ಹೊರಟ ಅರೆಗಳು, ಅರೆಗಳ ತುದಿಯನ್ನು ಹಿಡಿದಿರುವ ಬಾಗಿದ ಮರದ ತುಂಡುಗಳು, ಇವೆಲ್ಲವನ್ನೂ ಹೊರಗಿನಿಂದ ಬಿಗಿದು ಒಂದಾಗಿಸುವ ಕಬ್ಬಿಣದ ಹಳಿ, ಇಷ್ಟರಿಂದ ಗಾಲಿಯಾಗುತ್ತದೆ. ಮರ ಸಾಮಾನ್ಯವಾಗಿ ಕರಿಜಾಲಿ, ಏಕೆಂದರೆ ಎರೆನೆಲದ ಬದುಗಳಲ್ಲಿ ಅದು ಸುಲಭವಾಗಿ ಸಿಗುತ್ತದೆ, ಗಟ್ಟಿಯಾಗಿಯೂ ಇದೆ. ಹಳಿಯನ್ನು ಮೊಳೆ ಹೊಡೆದು ಕೂರಿಸುವುದಿಲ್ಲ. ಗಾಲಿಯ ಸುತ್ತಳತೆಗಿಂತ ಒಂದಿಷ್ಟು ಚಿಕ್ಕದಾಗಿ ಬಳೆ ಮಾಡಿ, ಕುಳ್ಳಿನ ಬೆಂಕಿಯಲ್ಲಿ ಕೆಂಪಗೆ ಕಾಯಿಸಿ, ಹಿಗ್ಗಿದ ಬಳೆಯನ್ನು ಮರದ ಮೇಲೆ ಇಳಿಸಿ ತಕ್ಷಣ ನೀರು ಸುರಿದರೆ ಅದು ಕುಗ್ಗಿ ಇಡೀ ಗಾಲಿಯನ್ನು ಹಿಂಡಿ ಹಿಡಿಯುತ್ತದೆ. ಒಂದೂವರೆ ಮೀಟರು ವ್ಯಾಸದ ಗಾಲಿಯ ಸುತ್ತಳತೆ ಸುಮಾರು 4.7 ಮೀಟರು, ಬಳೆಯ ಕಾವು ಐನೂರು ಡಿಗ್ರಿಯಷ್ಟು ಏರಿದರೆ ಅದು ಹಿಗ್ಗುವುದು ಹೆಚ್ಚುಕಡಿಮೆ ಮೂರು ಸೆಂಟಿಮೀಟರು. ಕಮ್ಮಾರನ ಲೆಕ್ಕವೆಲ್ಲ ಈ ಎರಡು ಬೆರಳಿನ ಅಗಲದೊಳಗೆ ಇದೆ.

ಈ ಬಿಗಿತಕ್ಕೆ ಶತ್ರು ದಾರಿಯ ಕಲ್ಲಲ್ಲ, ಬೇಸಿಗೆಯ ಒಣ ಹವೆ. ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲಿಗೆ ನಿಂತ ಗಾಲಿಯ ಮರ ತನ್ನ ತೇವ ಕಳೆದುಕೊಂಡು ಕುಗ್ಗುತ್ತದೆ, ಕಬ್ಬಿಣ ಮಾತ್ರ ಹಾಗೆಯೇ ಉಳಿಯುತ್ತದೆ, ನಡುವೆ ಸಂದು ಬೀಳುತ್ತದೆ; ಆ ಸಂದನ್ನು ಗಮನಿಸದೆ ಗಾಡಿ ಹೂಡಿದರೆ ಅರೆಗಳು ತಮ್ಮ ಕುಳಿಯಲ್ಲಿ ಅಲುಗಾಡಿ ತೂತು ದೊಡ್ಡದಾಗುತ್ತದೆ, ಆಮೇಲೆ ಗುಂಬವನ್ನೇ ಬದಲಿಸಬೇಕಾಗುತ್ತದೆ. ಇದಕ್ಕೆ ಹಿಂದಿನವರು ಕಂಡುಕೊಂಡ ಉಪಾಯಗಳಿಗೆ ಕಾಸಿನ ಖರ್ಚಿರಲಿಲ್ಲ: ಗಾಡಿಯನ್ನು ಬೇವಿನ ನೆರಳಿಗೆ ಎಳೆದು ನಿಲ್ಲಿಸುವುದು, ಗಾಲಿಗೆ ಹಸಿ ಗೋಣಿ ಸುತ್ತುವುದು, ಹಳ್ಳದ ಮಡುವಿನಲ್ಲಿ ಒಂದು ರಾತ್ರಿ ಗಾಲಿ ಮುಳುಗಿಸಿಡುವುದು, ನೊಗದ ಕೆಳಗೆ ಕವಲುಗಟ್ಟಿಗೆ ಕೊಟ್ಟು ಗಾಡಿಯ ತೂಕ ಒಂದೇ ಕಡೆಗೆ ಬೀಳದಂತೆ ನೋಡಿಕೊಳ್ಳುವುದು. ಅಚ್ಚಿಗೆ ಹಚ್ಚುವ ಕೀಲೆಣ್ಣೆ ಔಡಲೆಣ್ಣೆಗೆ ಸುಟ್ಟ ಹುಲ್ಲಿನ ಮಸಿ ಕಲಸಿ ಮಾಡಿದ್ದಾಗಿರುತ್ತಿತ್ತು. ಅದರ ಬದಲಿಗೆ ಗ್ಯಾರೇಜಿನಿಂದ ಪುಕ್ಕಟೆ ತಂದ ಕರಿ ಎಣ್ಣೆಯನ್ನು ಸುರಿಯುವ ರೂಢಿ ಬಂದಿದೆಯಾದರೂ, ಇಂಜಿನಿನಲ್ಲಿ ಸವೆದ ಲೋಹದ ಪುಡಿ ಅದರಲ್ಲೇ ಇರುವುದರಿಂದ ಅದು ಅಚ್ಚನ್ನು ಕಾಯುವುದಕ್ಕಿಂತ ತೇಯುವುದೇ ಹೆಚ್ಚು. ಪುಕ್ಕಟೆ ಎಣ್ಣೆಯಿಂದ ಅಚ್ಚು ಕೆಟ್ಟರೆ ಅದನ್ನು ಉಳಿತಾಯವೆನ್ನಲಾಗದು. ಕಡಾಣಿ, ಅಂದರೆ ಗಾಲಿ ಅಚ್ಚಿನಿಂದ ಜಾರದಂತೆ ತಡೆಯುವ ಕೀಲು, ಸವೆದಿದೆಯೇ ಎಂದು ಹೊರಡುವ ಮುನ್ನ ಕೈಯಿಂದ ಮುಟ್ಟಿ ನೋಡುವುದು ಗಾಡಿ ಹೂಡುವವನ ಮೊದಲ ಕೆಲಸವಾಗಿತ್ತು.

ಎತ್ತುಗಳ ಮಾತು ಬೇರೆ. ಈ ಸೀಮೆಯ ದೇವಣಿ ತಳಿ, ಪೂರ ಬಿಳಿಯ ಬಾಲಂಕ್ಯಾ, ಕಪ್ಪು ಮೋರೆಯ ವಾನೇರಾ, ಕಪ್ಪುಬಿಳಿ ಮಚ್ಚೆಯ ಶೇವೆರಾ ಎಂಬ ಮೂರು ಬಣ್ಣದ ಬಗೆಗಳಲ್ಲಿ ಹೆಸರಾಗಿದೆ. ಉಳುಮೆಗೂ ಹಾಲಿಗೂ ಎರಡಕ್ಕೂ ಬರುವ ತಳಿ ಇದು. ಡಾಂಬರು ರಸ್ತೆಗೆ ಇಳಿಸುವ ಮೊದಲು ಗೊರಸಿಗೆ ಲಾಳ ಹೊಡೆಸಬೇಕು. ಹೊರೆಯ ಭಾರ ಮುಂದಕ್ಕೆ ಬಿದ್ದರೆ ಎತ್ತಿನ ಹೆಗಲು ಹುಣ್ಣಾಗುತ್ತದೆ, ಹಿಂದಕ್ಕೆ ಬಿದ್ದರೆ ನೊಗ ಮೇಲೆದ್ದು ಕೊರಳು ಬಿಗಿಯುತ್ತದೆ ಎಂಬ ಅನುಭವದ ಅರಿವು ಇಂದಿನ ಎಳೆಬಂಡಿ ಕಾರವಾನಿಗೂ ಹಾಗೆಯೇ ಅನ್ವಯಿಸುತ್ತದೆ; ಕಾರಿನ ಹಿಂದೆ ಕೊಂಡಿ ಹಾಕಿ ಎಳೆಯುವ ಇಂಥ ಬಂಡಿಯ ಒಟ್ಟು ತೂಕದಲ್ಲಿ ನೂರಕ್ಕೆ ಐದರಿಂದ ಏಳು ಪಾಲು ಕೊಂಡಿಯ ಮೇಲೆ ಬೀಳುವಂತೆ ಸಾಮಾನು ಜೋಡಿಸಬೇಕೆಂದು, ಅವು ಹೆಚ್ಚಾಗಿ ಬಳಕೆಯಲ್ಲಿರುವ ಬ್ರಿಟನ್ನಿನಲ್ಲಿ ಹೇಳುತ್ತಾರೆ.

ಗಾಡಿಯ ಇಂಥ ಸೂಕ್ಷ್ಮಗಳನ್ನು ವಿದ್ವತ್ತಿನ ವಿಷಯವಾಗಿ ಮಾಡಿದವರು ಬೆಂಗಳೂರಿನ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಮ್ಯಾನೇಜ್‌ಮೆಂಟ್‌ನ ಮೊದಲ ನಿರ್ದೇಶಕರಾಗಿದ್ದ ಎನ್. ಎಸ್. ರಾಮಸ್ವಾಮಿ. ಎತ್ತಿನ ಗಾಡಿಯ ಸುಧಾರಣೆ ದೇಶದ ಇಂಧನ ನೀತಿಯ ಭಾಗವಾಗಬೇಕೆಂದು 1970ರ ದಶಕದಿಂದ ಅವರು ವಾದಿಸುತ್ತ ಬಂದಾಗ ಮ್ಯಾನೇಜ್‌ಮೆಂಟ್ ಓದಿದವರಿಗೆ ಅದು ವಿಚಿತ್ರವಾಗಿ ಕಂಡಿರಬೇಕು. ಆದರೆ ಬೇರಿಂಗು, ಹಗುರ ನೊಗ, ಟೈರು ಗಾಲಿಗಳಿಂದ ಎತ್ತಿನ ಶ್ರಮ ಎಷ್ಟು ಇಳಿಯುತ್ತದೆ ಎಂಬ ಅವರ ಪ್ರಶ್ನೆ ಒಕ್ಕಲಿಗನ ಪ್ರಶ್ನೆಯೇ ಆಗಿತ್ತು. ಟೈರು ಬಂಡಿ ಬಂದ ಮೇಲೆ ಎಳೆತ ಹಗುರಾಯಿತು, ಕಮ್ಮಾರನ ಹಂಗು ತಪ್ಪಿತು, ಆದರೆ ಪಂಕ್ಚರು ಎಂಬ ಹೊಸ ಖರ್ಚು ಅಂಟಿಕೊಂಡಿತು. ಜಾಲಿಯ ಮರದಿಂದ ಮಾಡಿದ ಗಾಲಿಗೆ ಜಾಲಿಯ ಮುಳ್ಳಿನ ಭಯವಿರಲಿಲ್ಲ ಎಂಬುದನ್ನು ಇಲ್ಲಿ ನೆನೆಯಬಹುದು.

ಮೋಟಾರು ಗಾಡಿಯ ಸಂಗತಿಯೂ ಇದಕ್ಕಿಂತ ದೂರವಿಲ್ಲ. ಟೈರಿನ ಮಗ್ಗುಲಲ್ಲಿ ಅಚ್ಚಾದ ನಾಲ್ಕು ಅಂಕಿಗಳು ಅದು ತಯಾರಾದ ವಾರವನ್ನೂ ವರ್ಷವನ್ನೂ ಹೇಳುತ್ತವೆ. 2319 ಎಂದಿದ್ದರೆ 2019ರ 23ನೆಯ ವಾರದಲ್ಲಿ ತಯಾರಾದದ್ದು ಎಂದರ್ಥ. ಕಡಿಮೆ ಓಡಿದ ಗಾಡಿಯಲ್ಲಿ ಟೈರಿನ ಗೀರುಗಳು ಹೊಸದರಂತೆ ಆಳವಾಗಿದ್ದರೂ, ಐದಾರು ವರ್ಷ ದಾಟಿದ ರಬ್ಬರು ಬಿಸಿಲು, ಗಾಳಿಗೆ ಬಿರುಸಾಗಿ ಮಗ್ಗುಲಲ್ಲಿ ಕೂದಲೆಳೆಯಂಥ ಬಿರುಕು ಬಿಟ್ಟಿರುತ್ತದೆ, ಬೇಸಿಗೆಯ ಹೆದ್ದಾರಿಯಲ್ಲಿ ಪೂರ್ತಿ ಹೇರಿನೊಡನೆ ಓಡುವಾಗ ಸಿಡಿಯುವುದು ಇಂಥ ಟೈರೇ. ತಿಂಗಳಿಗೆ ಎರಡು ಬಾರಿಯಾದರೂ ಗಾಡಿಯನ್ನು ಒಂದಿಷ್ಟು ದೂರ ಓಡಿಸಿ, ನಿಂತಾಗ ನೆಲಕ್ಕೆ ತಾಕುವ ಭಾಗ ಬದಲಾಗುವಂತೆ ನಿಲ್ಲಿಸಿದರೆ ಟೈರು ಚಪ್ಪಟೆಯಾಗುವುದಿಲ್ಲ, ಬ್ಯಾಟರಿಗೂ ಮರುಪೂರಣ ಸಿಗುತ್ತದೆ. ಗಾಳಿಯ ಒತ್ತಡವನ್ನು ಟೈರು ತಣ್ಣಗಿರುವಾಗ, ಬೆಳಿಗ್ಗೆ ಹೊರಡುವ ಮುನ್ನ ಅಳೆಯಬೇಕು, ಏಕೆಂದರೆ ಓಡಿ ಕಾದ ಟೈರಿನಲ್ಲಿ ಒತ್ತಡ ತಾನಾಗಿ ಏರಿರುತ್ತದೆ, ಅಳತೆ ದಾರಿ ತಪ್ಪಿಸುತ್ತದೆ.

ಬ್ಯಾಟರಿಯ ಬಗ್ಗೆ ಎರಡು ಮಾತು ಸಾಕು. ಬಳಸದೆ ಇಟ್ಟರೂ ಬ್ಯಾಟರಿ ತಾನಾಗಿ ಬರಿದಾಗುತ್ತ ಹೋಗುತ್ತದೆ, ಬಹಳ ದಿನ ಬರಿದಾಗಿಯೇ ಇದ್ದರೆ ಒಳಗಿನ ಸೀಸದ ಫಲಕಗಳ ಮೇಲೆ ಸಲ್ಫೇಟಿನ ಹರಳು ಕಟ್ಟಿ ಮತ್ತೆ ಪೂರ್ತಿ ತುಂಬಿಕೊಳ್ಳುವ ಶಕ್ತಿ ಹೋಗುತ್ತದೆ. ಆದ್ದರಿಂದ ತಿಂಗಳುಗಟ್ಟಲೆ ನಿಲ್ಲಿಸುವುದಾದರೆ ಋಣ ತುದಿಯ ತಂತಿಯನ್ನು ಬಿಚ್ಚಿಡಬೇಕು, ನಡುವೆ ಒಂದೆರಡು ಬಾರಿ ಚಾರ್ಜು ಕೊಡಿಸಬೇಕು. ಹ್ಯಾಂಡ್ ಬ್ರೇಕು ಎಳೆದು ತಿಂಗಳುಗಟ್ಟಲೆ ಬಿಟ್ಟರೆ ಬ್ರೇಕಿನ ಪಟ್ಟಿ ತುಕ್ಕು ಹಿಡಿದ ಡ್ರಮ್ಮಿಗೆ ಅಂಟಿಕೊಳ್ಳುತ್ತದೆ. ಸಮತಟ್ಟಾದ ಜಾಗದಲ್ಲಿ ಗಾಡಿಯನ್ನು ಗೇರಿನಲ್ಲಿ ನಿಲ್ಲಿಸಿ ಗಾಲಿಗೆ ಕಲ್ಲು ಕೊಡುವ ಹಳೆಯ ಪದ್ಧತಿಯೇ ಇಲ್ಲಿ ಒಳ್ಳೆಯದು. ಸೋಯಾಬೀನು, ತೊಗರಿ, ಜೋಳದ ರಾಶಿಯ ದಿನಗಳಲ್ಲಿ ಇಲಿಗಳು ಕಣದಿಂದ ಅಂಗಳಕ್ಕೆ ಬಂದು ಬಾನೆಟ್ಟಿನೊಳಗೆ ಗೂಡು ಕಟ್ಟಿ ತಂತಿ ಕಡಿಯುವುದು ಹೊಲದ ಮನೆಗಳಲ್ಲಿ ತಿಳಿದ ಸಂಗತಿ, ಕಾಳಿನ ಚೀಲವನ್ನೂ ಗಾಡಿಯನ್ನೂ ಒಂದೇ ಶೆಡ್ಡಿನಲ್ಲಿ ಇಡದಿರುವುದು ಅದಕ್ಕೆ ಸುಲಭದ ಪರಿಹಾರ. ಮೃಗಶಿರೆಯ ಮೊದಲ ಮಳೆಗೆ ಮುನ್ನ ಕಾರವಾನಿನ ಚಾವಣಿಯ ಮೇಲೆ ಎರಡು ಕೊಡ ನೀರು ಸುರಿದು ಒಳಗೆ ಎಲ್ಲಿ ಹನಿಯುತ್ತದೆ ಎಂದು ನೋಡಿ ಅಂಟು ಹಚ್ಚಿದರೆ, ಒಳಗಿನ ಪ್ಲೈವುಡ್ಡು ಕೊಳೆತ ಮೇಲೆ ಬಡಗಿಗೆ ಕೊಡಬೇಕಾದ ಹಣ ಉಳಿಯುತ್ತದೆ.

ಇನ್ನು ಗಾಡಿ ಕೊಳ್ಳಬೇಕೋ, ಇದ್ದುದನ್ನೇ ಮಾರ್ಪಡಿಸಬೇಕೋ, ಬಾಡಿಗೆಗೆ ತರಬೇಕೋ ಎಂಬ ಪ್ರಶ್ನೆ. ಹಳೆಯ ಟೆಂಪೊ ಕೊಂಡು ಸೀಟು ಕಿತ್ತು ಹಾಸಿಗೆ ಜೋಡಿಸಿದರೆ ಅಗ್ಗದಲ್ಲಿ ಕಾರವಾನ್ ಆಗುತ್ತದೆ ಎಂಬ ಆಸೆ ಹಲವರಿಗೆ ಇದೆ. ಆದರೆ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮು, ನೋಂದಣಿ ಪುಸ್ತಕದಲ್ಲಿ ನಮೂದಾದ ವಿವರಕ್ಕೆ ಬೇರೆಯಾಗುವಂತೆ ವಾಹನವನ್ನು ಮನಬಂದಂತೆ ಬದಲಾಯಿಸುವುದನ್ನು ತಡೆಯುತ್ತದೆ, ಮೋಟಾರು ಕಾರವಾನಿಗೆಂದೇ ಎ.ಐ.ಎಸ್. 124 ಎಂಬ ಪ್ರತ್ಯೇಕ ಮಾನದಂಡವೂ ಇದೆ. ಸಾರಿಗೆ ಕಚೇರಿಯ ಒಪ್ಪಿಗೆ ಇಲ್ಲದೆ ಮಾರ್ಪಡಿಸಿದ ಗಾಡಿ ಅಪಘಾತಕ್ಕೆ ಸಿಕ್ಕರೆ ವಿಮಾ ಕಂಪನಿ ಪರಿಹಾರವನ್ನು ಪ್ರಶ್ನಿಸುತ್ತದೆ. ವರ್ಷಕ್ಕೆ ಹತ್ತು ದಿನದ ಬಳಕೆಗೆ ಸ್ವಂತ ಕಾರವಾನ್ ಯಾವ ಲೆಕ್ಕದಲ್ಲೂ ಕೂಡಿಬರುವುದಿಲ್ಲ. ಎರಡು ಮೂರು ಮನೆಯವರು ಸೇರಿ ಬಾಡಿಗೆಗೆ ತರುವುದೇ ಲೇಸು. ಆಗಲೂ ಹಳದಿ ಫಲಕದ ಗಾಡಿಯನ್ನೇ ತರಬೇಕು. ಬಿಳಿ ಫಲಕದ ಸ್ವಂತ ಬಳಕೆಯ ಗಾಡಿಯನ್ನು ಪರಿಚಯದ ಮೇಲೆ ಕಡಿಮೆ ಬಾಡಿಗೆಗೆ ತಂದರೆ ಉಳಿದದ್ದು ಕೆಲವು ನೂರು ರೂಪಾಯಿ, ಏನಾದರೂ ಅವಘಡವಾದರೆ ಹೋಗುವುದು ಹೊಲದ ಬೆಲೆ. ಟ್ರ್ಯಾಕ್ಟರಿನ ಟ್ರಾಲಿಯಲ್ಲಿ ಮಂದಿಯನ್ನು ಕೂರಿಸಿಕೊಂಡು ಜಾತ್ರೆಗೆ ಹೋಗುವುದು ಇದಕ್ಕಿಂತಲೂ ಕೆಟ್ಟದ್ದು, ಏಕೆಂದರೆ ಅದು ಸರಕಿನ ವಾಹನ, ಜನರ ಸಾಗಣೆಗೆ ಕಾನೂನಿನ ಒಪ್ಪಿಗೆಯೇ ಇಲ್ಲ.

ಸ್ವಂತ ಗಾಡಿ ಇರುವವರಿಗೆ ವಿಮೆಯಲ್ಲೇ ಒಂದು ಉಳಿತಾಯ ಅಡಗಿದೆ. ಪರಿಹಾರ ಕೇಳದ ವರ್ಷಗಳಿಗೆ ಸ್ವಂತ ಹಾನಿಯ ಕಂತಿನಲ್ಲಿ ಮೊದಲ ವರ್ಷಕ್ಕೆ ನೂರಕ್ಕೆ 20, ಐದು ವರ್ಷ ತುಂಬಿದಾಗ ನೂರಕ್ಕೆ 50ರವರೆಗೆ ಸೋಡಿ ಸಿಗುತ್ತದೆ. ಬಂಪರಿನ ಒಂದು ಚಿಕ್ಕ ತಗ್ಗಿಗಾಗಿ ಪರಿಹಾರ ಕೇಳಿದರೆ ಆ ಸೋಡಿಯೆಲ್ಲ ಹೋಗುತ್ತದೆ. ಅವಧಿ ಮುಗಿದ ವಿಮೆಯನ್ನು 90 ದಿನದೊಳಗೆ ನವೀಕರಿಸದಿದ್ದರೂ ಅದು ಹೋಗುತ್ತದೆ, ಮತ್ತು ನಿಂತ ಗಾಡಿಗಳ ಯಜಮಾನರು ಮರೆಯುವುದು ಇದನ್ನೇ.

ದಾರಿಯ ಖರ್ಚಿಗೆ ಬಂದರೆ, ಈ ಸೀಮೆ ಮೂರು ರಾಜ್ಯಗಳ ಕೂಡುನೆಲ. ಪುಣೆ, ಸೊಲ್ಲಾಪುರದ ಕಡೆಯಿಂದ ಹೈದರಾಬಾದಿಗೆ ಹೋಗುವ 65ನೆಯ ರಾಷ್ಟ್ರೀಯ ಹೆದ್ದಾರಿ ಹುಮನಾಬಾದಿನ ಮೂಲಕವೇ ಹಾಯುತ್ತದೆ; ಅದೇ ದಾರಿಯಲ್ಲಿ ಉಮರ್ಗಾ, ನಳದುರ್ಗ ಹಿಡಿದು ತುಳಜಾಪುರದ ಭವಾನಿಗೆ, ಮುಂದೆ ಪಂಢರಪುರಕ್ಕೆ ಹೋಗುವ ಕುಟುಂಬಗಳು ಬಹಳ. ಎತ್ತಿನ ಗಾಡಿ ದಿನಕ್ಕೆ ಇಪ್ಪತ್ತು, ಇಪ್ಪತ್ತೈದು ಕಿಲೋಮೀಟರು ಸಾಗುತ್ತಿದ್ದ ಕಾಲದಲ್ಲಿ ದಿನಗಟ್ಟಲೆ ಹಿಡಿಯುತ್ತಿದ್ದ ತುಳಜಾಪುರದ ಹಾದಿ ಈಗ ಅರ್ಧ ದಿನದ್ದಾಗಿದೆ. ಬಾಡಿಗೆ ಗಾಡಿಗೆ ಅಖಿಲ ಭಾರತ ಪ್ರವಾಸಿ ಪರವಾನಗಿ ಇದೆಯೇ, ಇಲ್ಲದಿದ್ದರೆ ಗಡಿಯಲ್ಲಿ ಕಟ್ಟುವ ತೆರಿಗೆ ಯಾರದು, ಟೋಲು ಬಾಡಿಗೆಯೊಳಗೆ ಸೇರಿದೆಯೇ ಎಂಬ ಮೂರನ್ನು ಹೊರಡುವ ಮೊದಲೇ ಮಾತಾಡಿಕೊಳ್ಳದಿದ್ದರೆ ಚೌಕಾಸಿಯಲ್ಲಿ ಇಳಿಸಿದ ಹಣ ಗಡಿಯಲ್ಲಿ ಹೋಗುತ್ತದೆ. ಸ್ವಂತ ಕಾರು, ಜೀಪುಗಳಿಗೆ 2025ರ ಆಗಸ್ಟ್ 15ರಿಂದ ಬಂದಿರುವ ಫಾಸ್ಟ್ಯಾಗ್ ವಾರ್ಷಿಕ ಪಾಸಿಗೆ ಶುರುವಿನಲ್ಲಿ 3000 ರೂಪಾಯಿ ಇತ್ತು, ಅದು ಒಂದು ವರ್ಷ ಅಥವಾ 200 ದಾಟುವಿಕೆಗೆ ನಡೆಯುತ್ತದೆ. ತಿಂಗಳಿಗೆರಡು ಬಾರಿ ಹೈದರಾಬಾದಿಗೋ ಸೊಲ್ಲಾಪುರಕ್ಕೋ ಹೋಗಿಬರುವವರಿಗೆ ಅದು ಲಾಭ, ವರ್ಷಕ್ಕೊಂದು ಜಾತ್ರೆಗೆ ಹೋಗುವವರಿಗೆ ನಷ್ಟ. ವೇಗದ ಲೆಕ್ಕವೂ ಹೀಗೆಯೇ ಸರಳವಾದದ್ದು: ಗಾಳಿಯ ಎದುರೊತ್ತು ವೇಗದ ವರ್ಗದಂತೆ ಏರುವುದರಿಂದ, ಗಂಟೆಗೆ 80ರ ಬದಲು 100 ಕಿಲೋಮೀಟರಿನಲ್ಲಿ ಹೋದರೆ ಅದು ಒಂದೂವರೆ ಪಟ್ಟಿಗಿಂತ ಹೆಚ್ಚಾಗುತ್ತದೆ, ಎತ್ತರದ ಕಾರವಾನಿಗೂ, ಮೇಲೆ ಗಂಟು ಕಟ್ಟಿದ ಕ್ರೂಸರಿಗೂ ಇದರ ಪೆಟ್ಟು ಜೋರು.

ಅಡುಗೆಯ ವಿಷಯದಲ್ಲಿ ಈ ಸೀಮೆಯ ಹೆಂಗಸರಿಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಜೋಳದ ಕಟಕ ರೊಟ್ಟಿ, ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಬೆಲ್ಲ ಇಷ್ಟು ಬುತ್ತಿಯಲ್ಲಿದ್ದರೆ ವಾರದ ಯಾತ್ರೆಯಲ್ಲಿ ಒಲೆ ಹಚ್ಚುವುದು ಚಹಾಕ್ಕೂ ಅನ್ನಕ್ಕೂ ಮಾತ್ರ. ರೊಟ್ಟಿಯನ್ನು ಬೆಂಕಿಯ ಮಗ್ಗುಲಲ್ಲಿ ನಿಲ್ಲಿಸಿ ಕಟಕ ಮಾಡುವುದೆಂದರೆ ಅದರ ತೇವವನ್ನೆಲ್ಲ ಆರಿಸುವುದು, ತೇವವಿಲ್ಲದಲ್ಲಿ ಬೂಸರು ಹುಟ್ಟುವುದಿಲ್ಲ. ಮನೆಯ 14.2 ಕಿಲೋ ಸಿಲಿಂಡರನ್ನು ಗಾಡಿಗೆ ಹೇರುವುದು ಬೇಡ, 5 ಕಿಲೋದ ಚಿಕ್ಕದು ಸಾಕು, ಅದನ್ನೂ ಗಾಡಿ ನಿಲ್ಲಿಸಿ ಹೊರಗೆ ಬಯಲಿನಲ್ಲಿಟ್ಟೇ ಹಚ್ಚಬೇಕು. 2023ರ ಆಗಸ್ಟ್ 26ರಂದು ಮದುರೆಯಲ್ಲಿ ನಿಂತಿದ್ದ ಯಾತ್ರಿಕರ ರೈಲು ಬೋಗಿಯೊಳಗೆ ಒಯ್ದಿದ್ದ ಸಿಲಿಂಡರಿನಿಂದ ಬೆಂಕಿ ಹತ್ತಿ ಒಂಬತ್ತು ಜನ ತೀರಿಕೊಂಡರು. 2024ರ ಡಿಸೆಂಬರಿನಲ್ಲಿ ಕೇರಳದ ವಡಗರದಲ್ಲಿ ರಸ್ತೆ ಬದಿ ನಿಂತಿದ್ದ ಕಾರವಾನಿನಲ್ಲಿ ಇಬ್ಬರು ಸತ್ತು ಸಿಕ್ಕರು, ಜನರೇಟರಿನಿಂದ ಹೊರಟ ಕಾರ್ಬನ್ ಮೊನಾಕ್ಸೈಡ್ ಒಳಗೆ ತುಂಬಿದ್ದು ಕಾರಣವೆಂದು ಆಮೇಲೆ ತಿಳಿಯಿತು. ಈ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ; ಮಲಗಿದವರು ಏಳುವುದೇ ಇಲ್ಲ. ಚಳಿಗೆಂದು ಕೆಂಡದ ಬೋಗುಣಿಯನ್ನು ಗಾಡಿಯೊಳಗೆ ಇಟ್ಟುಕೊಳ್ಳುವುದೂ, ತಂಪಿಗೆಂದು ಇಂಜಿನು ಚಾಲೂ ಇಟ್ಟು ಗಾಜು ಮುಚ್ಚಿ ಮಲಗುವುದೂ ಇದೇ ಸಾವಿನ ದಾರಿ.

ಎಲ್ಲ ಯಾತ್ರೆಗೂ ಗಾಡಿ ಬೇಕೆಂದೇನೂ ಇಲ್ಲ. ದತ್ತ ಜಯಂತಿಗೆ ಹುಮನಾಬಾದಿನ ಮಗ್ಗುಲ ಮಾಣಿಕನಗರಕ್ಕೆ, ಜನವರಿಯಲ್ಲಿ ಹುಮನಾಬಾದಿನ ವೀರಭದ್ರೇಶ್ವರನ ಜಾತ್ರೆಗೆ, ಕಲಬುರಗಿಯ ಶರಣಬಸವೇಶ್ವರನ ತೇರಿಗೆ ಹೋಗಲು ಸರಕಾರಿ ಬಸ್ಸು ಇದೆ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಡಿ ರಾಜ್ಯದೊಳಗೆ ಸಾಮಾನ್ಯ ಬಸ್ಸುಗಳಲ್ಲಿ ಹೆಂಗಸರಿಗೆ ಟಿಕೇಟಿಲ್ಲ. 2017ರ ಅಕ್ಟೋಬರಿನಲ್ಲಿ ಉದ್ಘಾಟನೆಯಾದ ಬೀದರ, ಕಲಬುರಗಿ ನಡುವಿನ ರೈಲು ಮಾರ್ಗದಲ್ಲಿ ಹುಮನಾಬಾದಿಗೆ ರೈಲೂ ಇದೆ. ಮನೆಯಲ್ಲಿ ನಾಲ್ವರು ಹೆಂಗಸರಿದ್ದರೆ ಇಂಥ ಕಡೆಗೆ ಕ್ರೂಸರ್ ತರುವುದು ದುಂದು ಎಂದೇ ಹೇಳಬೇಕಾಗುತ್ತದೆ.

ಎಳ್ಳ ಅಮಾವಾಸ್ಯೆಯ ಮಾತು ಬೇರೆ. ಅಂದು ಭಜ್ಜಿ, ಸಜ್ಜೆ ಕಡುಬು, ಅಂಬಲಿಯ ಗಡಿಗೆಯೊಡನೆ ಹೊಲಕ್ಕೆ ಹೋಗುವ ಮಂದಿಗೆ ಬಸ್ಸೂ ಇಲ್ಲ, ಕಾರವಾನೂ ಬೇಡ, ಬಂಡಿಯ ದಾರಿ ಅದು. ಕೊಡಂಬಲದ ಸುತ್ತಿನ ಊರುಗಳಲ್ಲಿ ಕೊಟ್ಟಿಗೆಯ ಮೂಲೆಗೆ ದಮಣಿಯನ್ನು ಒರಗಿಸಿಟ್ಟವರು ಅದನ್ನು ಉರುವಲಿಗೆ ಒಡೆಯುವ ಮುನ್ನ ಒಂದು ಕೆಲಸ ಮಾಡಿ ನೋಡಬೇಕು: ಗಾಲಿಯನ್ನು ನೆರಳಿಗೆ ತಂದು, ಹಸಿ ಗೋಣಿ ಸುತ್ತಿ, ಮೂರು ದಿನ ನೀರು ಚಿಮುಕಿಸುತ್ತಿದ್ದು, ನಾಲ್ಕನೆಯ ದಿನ ಹಳಿಯ ಮೇಲೆ ಸುತ್ತಿಗೆಯಿಂದ ಮೆಲ್ಲಗೆ ಬಡಿದಾಗ ಸದ್ದು ಗಣಗಣ ಎಂದರೆ ಮರ ಇನ್ನೂ ಜೀವ ಹಿಡಿದಿದೆ, ದಡದಡ ಎಂದರೆ ಕಮ್ಮಾರನ ಮನೆಗೆ ಒಯ್ಯಬೇಕು.